ಪತ್ರ ಹೋಯಿತೇ?

ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ಅಪ್ಪ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, “ಮೆಷಿನ್ ಎಲ್ಲಿಟ್ಟೆ? ಜನ ಬರೋ ಹೊತ್ತಾಯ್ತು” ಎಂದರು. ಜನ ಬರುವುದು ನಿಂತು ಇಪ್ಪತ್ತು ವರ್ಷದ ಮೇಲಾಗಿದೆ. ಮೆಷಿನ್ ಭಂಗಾರ್‌ವಾಲಾನ ತಕ್ಕಡಿ ಏರಿಯೂ ಹೆಚ್ಚುಕಡಿಮೆ ಅಷ್ಟೇ ಕಾಲವಾಗಿದೆ. ಅಪ್ಪನಿಗೆ ಈಗ ಎಂಬತ್ತು ದಾಟಿದೆ. ಮರೆವಿನ ಕಾಯಿಲೆ ಶುರುವಾಗಿ ಮೂರು ವರ್ಷ.

ಅಪ್ಪ 1966ರಲ್ಲಿ ಕುಮಟೆಯ ಹತ್ತಿರದ ಹಳ್ಳಿಯಿಂದ ಮುಂಬೈಗೆ ಬಂದವರು. ಹಗಲು ಹೋಟೆಲಿನ ಗಲ್ಲಾದಲ್ಲಿ ಬಿಲ್ ಬರೆದು, ರಾತ್ರಿ ಟೈಪಿಂಗ್ ಕಲಿತು, ಫೋರ್ಟ್‌ನಲ್ಲಿ ಹಡಗಿನ ಸರಕಿನ ಕಾಗದಪತ್ರ ನೋಡಿಕೊಳ್ಳುವ ಸಣ್ಣ ಕಂಪನಿಯೊಂದರಲ್ಲಿ ಟೈಪಿಸ್ಟ್ ಆದರು. 1988ರಲ್ಲಿ ಆ ಕಚೇರಿಗೆ ಕಂಪ್ಯೂಟರ್ ಬಂತು. ಉಳಿದವರು ಅದನ್ನು ನೋಡಿ ಹೆದರಿದಾಗ, ನಲವತ್ತು ದಾಟಿದ್ದ ಅಪ್ಪ ಒಂದೇ ತಿಂಗಳಲ್ಲಿ ವರ್ಡ್‌ಸ್ಟಾರ್ ಕಲಿತರಂತೆ. 1993ರಲ್ಲಿ ಕಚೇರಿಯವರು ಹೊಸ ಯಂತ್ರ ಕೊಂಡು ಹಳೆಯದನ್ನು ಪ್ರಿಂಟರ್ ಸಮೇತ ಅಪ್ಪನಿಗೆ ಕಡಿಮೆ ಬೆಲೆಗೆ ಕೊಟ್ಟರು. ಡೊಂಬಿವಲಿಯ ನಮ್ಮ ಒಂದೂವರೆ ಕೋಣೆಯ ಮನೆಯಲ್ಲಿ ಅದು ದೇವರ ಗೂಡಿಗಿಂತ ಹೆಚ್ಚು ಜಾಗ ಹಿಡಿದು ಕೂತಿತು.

ಆಮೇಲಿನ ಹತ್ತು ವರ್ಷ ನಮ್ಮ ಭಾನುವಾರಗಳೆಲ್ಲ ಊರವರದ್ದು. ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪಾದವರು, ಗ್ಯಾಸ್ ಸಂಪರ್ಕ ಬೇಕಾದವರು, ಮಗನನ್ನು ಶಾಲೆಗೆ ಸೇರಿಸಬೇಕಾದವರು, ಊರಿಗೆ ಹೋಗಲು ಎಂಟು ದಿನ ರಜೆ ಬೇಕಾದವರು. ಬಂದವರು ಕನ್ನಡದಲ್ಲಿ, ಕೊಂಕಣಿಯಲ್ಲಿ, ಅರೆಬರೆ ಹಿಂದಿಯಲ್ಲಿ ತಮ್ಮ ಕಷ್ಟ ಹೇಳುತ್ತಿದ್ದರು. ಅಪ್ಪ ಪೂರ್ತಿ ಕೇಳಿಸಿಕೊಂಡು, ಅದನ್ನು ಸರ್ಕಾರಿ ಇಂಗ್ಲಿಷಿಗೆ ಇಳಿಸಿ ಟೈಪ್ ಮಾಡುತ್ತಿದ್ದರು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಕಿರ್ರೆನ್ನುವ ಸದ್ದು ಮುಗಿದು ಕಾಗದ ಹರಿದುಕೊಟ್ಟಾಗ ಎದುರಿಗಿದ್ದವರ ಮುಖದಲ್ಲಿ ಅರ್ಧ ಕೆಲಸ ಆದಷ್ಟು ಸಮಾಧಾನ. ಹಣ ತೆಗೆದುಕೊಳ್ಳುತ್ತಿರಲಿಲ್ಲ. ಊರಿಗೆ ಹೋಗಿ ಬಂದವರು ತಂದ ಕೋಕಂ, ಹಲಸಿನ ಹಪ್ಪಳ ಮನೆಯಲ್ಲಿ ಯಾವತ್ತೂ ಮುಗಿಯುತ್ತಿರಲಿಲ್ಲ.

ಆ ಭಾನುವಾರ ಅಪ್ಪ ಇಡೀ ಬೆಳಿಗ್ಗೆ ಮೆಷಿನ್ ಹುಡುಕಿದರು. ಮಂಚದ ಕೆಳಗೆ, ಕಪಾಟಿನ ಮೇಲೆ. ಸಂಜೆಗೆ ನಾನು ಒಂದು ನಿರ್ಧಾರಕ್ಕೆ ಬಂದೆ. ಆ ಮೆಷಿನ್ ಮತ್ತೆ ತರಲು ಸಾಧ್ಯವಿಲ್ಲ. ಆದರೆ ಅದರ ಒಳಗಿದ್ದದ್ದನ್ನು ತರಬಹುದಲ್ಲ.

ಭಂಗಾರಿಗೆ ಹಾಕುವ ಮೊದಲು ಅಪ್ಪನ ಫ್ಲಾಪಿಗಳನ್ನೆಲ್ಲ ನಾನು ಒಂದು ಸಿ.ಡಿ.ಗೆ ಇಳಿಸಿಕೊಂಡಿದ್ದೆ. ವರ್ಡ್‌ಸ್ಟಾರ್ 4 ಅದರಲ್ಲಿತ್ತು. ಹೊಸ ಲ್ಯಾಪ್‌ಟಾಪಿನಲ್ಲಿ ಅದನ್ನು ಒತ್ತಿದರೆ, ಈ ತಂತ್ರಾಂಶ ನಿಮ್ಮ ಯಂತ್ರದಲ್ಲಿ ಓಡುವುದಿಲ್ಲ ಎಂಬ ಉತ್ತರ ಬಂತು. 64 ಬಿಟ್‌ನ ವಿಂಡೋಸ್‌ನಲ್ಲಿ ಡಾಸ್ ಕಾಲದ 16 ಬಿಟ್‌ನ ತಂತ್ರಾಂಶಗಳಿಗೆ ನೇರ ಪ್ರವೇಶವಿಲ್ಲ. ಹಳೆಯ 8086 ಪ್ರೊಸೆಸರಿನ ಹಾಗೆ ನಡೆದುಕೊಳ್ಳುವ ಒಂದು ಸೌಲಭ್ಯ ನಂತರದ ಪ್ರೊಸೆಸರ್‌ಗಳಲ್ಲಿ ಇತ್ತು. 64 ಬಿಟ್ ಕ್ರಮಕ್ಕೆ ಹೋದಾಗ ಅದು ಸಿಗುವುದಿಲ್ಲ. ಅಪ್ಪನ ಒಂದು ಪತ್ರವನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿದೆ. ಪ್ರತಿ ಪದವೂ ಸರಿಯಾಗಿ ಶುರುವಾಗಿ ಕೊನೆಯ ಅಕ್ಷರದಲ್ಲಿ ಕೆಟ್ಟುಹೋಗುತ್ತಿತ್ತು. ಆ ಕಾಲದ ವರ್ಡ್‌ಸ್ಟಾರ್ ಪದ ಎಲ್ಲಿ ಮುಗಿಯಿತು ಎಂದು ಗುರುತಿಟ್ಟುಕೊಳ್ಳಲು ಪದದ ಕೊನೆಯ ಅಕ್ಷರದ ಎಂಟನೆಯ ಬಿಟ್ಟನ್ನು ಏರಿಸಿ ಇಡುತ್ತಿತ್ತು. ಇವತ್ತಿನ ತಂತ್ರಾಂಶಕ್ಕೆ ಆ ಗುರುತು ಅರ್ಥವಾಗದೆ ಅಲ್ಲೊಂದು ವಿಚಿತ್ರ ಅಕ್ಷರ ಬರೆಯುತ್ತದೆ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳ ಕನ್ನಡ ನೆನಪಾಯಿತು. ಪದ ನಮ್ಮದೇ, ಕೊನೆಯ ಪ್ರತ್ಯಯ ಮಾತ್ರ ಎಲ್ಲಿಯದೋ.

ಕೊನೆಗೆ ಎಮ್ಯುಲೇಟರ್ ಹಾಕಿಕೊಂಡೆ. 2002ರಿಂದ ಜನ ಬಳಸುತ್ತಿರುವ ಡಾಸ್‌ಬಾಕ್ಸ್ ಎಂಬುದಿದೆ; ಅದರ ಕವಲಾದ ಡಾಸ್‌ಬಾಕ್ಸ್-ಎಕ್ಸ್‌ನಲ್ಲಿ ಪ್ರಿಂಟರಿನ ಸೌಕರ್ಯವೂ ಇದೆ. ಅಪ್ಪನ ಹಳೆಯ ಕಡತಗಳಿದ್ದ ಫೋಲ್ಡರನ್ನೇ ಅದಕ್ಕೆ ‘ಸಿ’ ಡ್ರೈವ್ ಎಂದು ತೋರಿಸಿ ಒಂದು ಆಜ್ಞೆ ಕೊಟ್ಟೆ. ಪರದೆ ಕಪ್ಪಾಗಿ, 80 ಅಂಕಣ, 25 ಸಾಲಿನ ಆ ಹಳೆಯ ಪುಟ ಎದ್ದು ನಿಂತಿತು.

ಬರೀ ಹಳಬರ ಹುಚ್ಚು ಎನ್ನಬೇಡಿ. ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್ ತಾವು ಈಗಲೂ ಡಾಸ್ ಯಂತ್ರದಲ್ಲಿ ವರ್ಡ್‌ಸ್ಟಾರ್ 4ರಲ್ಲೇ ಬರೆಯುವುದಾಗಿ 2014ರಲ್ಲಿ ಟಿ.ವಿ. ಸಂದರ್ಶನದಲ್ಲಿ ಹೇಳಿದ್ದರು. ಕೆನಡಾದ ಲೇಖಕ ರಾಬರ್ಟ್ ಸಾಯರ್ 2024ರಲ್ಲಿ ವರ್ಡ್‌ಸ್ಟಾರಿನ ಕೊನೆಯ ಡಾಸ್ ಆವೃತ್ತಿಯನ್ನು ಎಮ್ಯುಲೇಟರ್ ಸಮೇತ ಎಲ್ಲರಿಗೂ ಸಿಗುವಂತೆ ಇಟ್ಟರು. ಕೈಗೆ ಒಗ್ಗಿದ್ದನ್ನು ಬಿಡಲಾರದವರು ಬಹಳ ಜನ ಇದ್ದಾರೆ. ಅಪ್ಪ ಮಾತ್ರ ಒಗ್ಗಿದ್ದನ್ನು ಬಿಟ್ಟು ಬೇರೆ ಎಲ್ಲವನ್ನೂ ಮರೆಯುತ್ತಿದ್ದರು.

*

ಎಮ್ಯುಲೇಟರ್ ಎಂದರೆ ಯಂತ್ರದ ವೇಷ ಕಟ್ಟಿದ ತಂತ್ರಾಂಶ. ವರ್ಡ್‌ಸ್ಟಾರ್‌ಗೆ ತಾನು 640 ಕಿಲೋಬೈಟ್ ಮೆಮೊರಿಯ ಹಳೆಯ ಪಿ.ಸಿ.ಯಲ್ಲಿ ಕೂತಿದ್ದೇನೆ ಎಂದೇ ಭಾವನೆ. ಪರದೆಗೆ ಏನಾದರೂ ಬರೆಯಬೇಕಾದರೆ ಅದು ಮೆಮೊರಿಯ ಒಂದು ಗೊತ್ತಾದ ವಿಳಾಸದಲ್ಲಿ, ಅಕ್ಷರಕ್ಕೊಂದು ಬೈಟ್, ಬಣ್ಣಕ್ಕೊಂದು ಬೈಟ್ ಎಂದು ಇಡೀ ಪುಟಕ್ಕೆ 4000 ಬೈಟ್ ಇಡುತ್ತದೆ. ಆ ವಿಳಾಸದಲ್ಲಿ ಈಗ ಪರದೆ ಇಲ್ಲ. ಎಮ್ಯುಲೇಟರ್ ಅಲ್ಲಿ ಬಿದ್ದ ಬೈಟುಗಳನ್ನು ಹೆಕ್ಕಿ ತಂದು ನನ್ನ ಲ್ಯಾಪ್‌ಟಾಪಿನ ಕಿಟಕಿಯೊಂದರಲ್ಲಿ ಚಿತ್ರ ಬಿಡಿಸಿ ತೋರಿಸುತ್ತದೆ. ಇಲ್ಲದ ಕೀಲಿಮಣೆ, ಇಲ್ಲದ ಡ್ರೈವ್, ಇಲ್ಲದ ಪ್ರಿಂಟರ್. ಎಲ್ಲದಕ್ಕೂ ‘ಇದೆ’ ಎಂಬ ಉತ್ತರ.

ಇದರಲ್ಲಿ ನನಗೆ ಹಿಡಿಸಿದ ಅಂಶ ನಿಧಾನದ್ದು. ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದ ಎಷ್ಟೋ ಹಳೆಯ ತಂತ್ರಾಂಶಗಳು 1990ರ ದಶಕದ ಕೊನೆಯಲ್ಲಿ ವೇಗದ ಪ್ರೊಸೆಸರ್‌ಗಳು ಬಂದಾಗ ಬಾಗಿಲು ತೆರೆಯುವ ಮೊದಲೇ ‘ರನ್‌ಟೈಮ್ ಎರರ್ 200’ ಎಂದು ಹೇಳಿ ಬಿದ್ದುಹೋಗುತ್ತಿದ್ದವು. ಶುರುವಿನಲ್ಲಿ ಅವು ಯಂತ್ರ ಎಷ್ಟು ವೇಗವಾಗಿದೆ ಎಂದು ಅಳೆಯುತ್ತಿದ್ದವು. ಬಂದ ಉತ್ತರ ಅವುಗಳ 16 ಬಿಟ್ ಲೆಕ್ಕದ ಪಾತ್ರೆಯಲ್ಲಿ ಹಿಡಿಸುತ್ತಿರಲಿಲ್ಲ. ತಂತ್ರಾಂಶದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಎದುರಿನ ಯಂತ್ರ ಅದು ಊಹಿಸಿರದಷ್ಟು ಅವಸರದ್ದಾಗಿತ್ತು, ಅಷ್ಟೇ. ಡಾಸ್‌ಬಾಕ್ಸ್‌ನಲ್ಲಿ ಈ ಅವಸರಕ್ಕೆ ಕಡಿವಾಣ ಹಾಕಬಹುದು. ಕಂಟ್ರೋಲ್ ಮತ್ತು ಎಫ್11 ಒತ್ತಿದಂತೆಲ್ಲ ಅದು ನಿಧಾನವಾಗುತ್ತದೆ. ಬೆಳಿಗ್ಗೆ 7.42ರ ಫಾಸ್ಟ್ ಲೋಕಲ್ ಹಿಡಿಯುವ ಅವಸರದಲ್ಲಿ ಅಪ್ಪನ ಅಂಗಿಯ ಗುಂಡಿಯನ್ನು ನಾನೇ ಹಾಕಿ, “ಬೇಗ, ಬೇಗ” ಎಂದಾಗಲೆಲ್ಲ ಅವರು ಗಲಿಬಿಲಿಗೊಂಡು ಕೂತುಬಿಡುತ್ತಿದ್ದದ್ದರ ಅರ್ಥ ಆವತ್ತು ಹೊಳೆಯಿತು.

ಕನ್ನಡವೂ ಡಾಸ್‌ನೊಳಗೆ ಬಂದದ್ದು ಇಂಥದೇ ಒಂದು ವೇಷದಿಂದ. ಐ.ಐ.ಟಿ. ಕಾನ್ಪುರದಲ್ಲಿ ಬೀಜ ಬಿದ್ದು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡನ್ನು ಯಂತ್ರದೊಳಗೆ ಸಿಕ್ಕಿಸಿದರೆ, ಇಂಗ್ಲಿಷ್ ಬಿಟ್ಟು ಬೇರೆ ಗೊತ್ತಿಲ್ಲದ ಡಿಬೇಸ್‌ನಂಥ ತಂತ್ರಾಂಶದಲ್ಲೂ ಕನ್ನಡದ ಹೆಸರು, ವಿಳಾಸ ತುಂಬಬಹುದಿತ್ತು. ಡಿಬೇಸ್‌ಗೆ ತಾನು ಕನ್ನಡ ಬರೆಯುತ್ತಿದ್ದೇನೆ ಎಂಬ ಅರಿವೇ ಇಲ್ಲ. ಅದು ಯಾವುದೋ ಸಂಖ್ಯೆಗಳನ್ನು ಸಾಗಿಸುತ್ತಿತ್ತು. ಕಾರ್ಡು ಅವುಗಳನ್ನು ಅಕ್ಷರವಾಗಿ ಬಿಡಿಸುತ್ತಿತ್ತು. 1991ರಲ್ಲಿ ಮಾನಕವಾದ ಇಸ್ಕಿ ಸಂಕೇತದಲ್ಲಿ ನಮ್ಮ ಲಿಪಿಗಳಿಗೆಲ್ಲ ಒಂದೇ ಸಂಖ್ಯೆಗಳಿದ್ದುದರಿಂದ, ಕನ್ನಡದಲ್ಲಿ ಕಂಡ ಹೆಸರನ್ನು ಗುಂಡಿಯೊತ್ತಿ ದೇವನಾಗರಿಯಲ್ಲಿಯೂ ನೋಡಬಹುದಿತ್ತು. ಅಪ್ಪನ ಯಂತ್ರಕ್ಕೆ ಆ ಕಾರ್ಡು ಇರಲಿಲ್ಲ. ಕನ್ನಡ ಟೈಪ್ ಮಾಡಲೇಬೇಕಾದಾಗ ಅವರು ಅದನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡುತ್ತಿದ್ದರು. ಈ ಮಾತು ಮುಂದೆ ಬೇಕಾಗುತ್ತದೆ.

ಮರುವಾರ ಲ್ಯಾಪ್‌ಟಾಪಿಗೆ ದೊಡ್ಡ ಕೀಲಿಮಣೆ ಸಿಕ್ಕಿಸಿ ಅಪ್ಪನ ಮುಂದಿಟ್ಟೆ. ಅವರು ಪರದೆ ನೋಡಿದರು, ಏನೂ ಹೇಳಲಿಲ್ಲ. ಎಡಗೈ ಕಿರುಬೆರಳು ಕಂಟ್ರೋಲ್ ಮೇಲೆ ಹೋಯಿತು. ಉಳಿದ ಬೆರಳುಗಳು ಇ, ಎಸ್, ಡಿ, ಎಕ್ಸ್ ಮೇಲೆ. ವರ್ಡ್‌ಸ್ಟಾರಿನಲ್ಲಿ ಕರ್ಸರನ್ನು ಮೇಲೆ, ಎಡಕ್ಕೆ, ಬಲಕ್ಕೆ, ಕೆಳಗೆ ಒಯ್ಯುವ ಕೀಲಿಗಳು ಅವು. ಬೆಳಿಗ್ಗೆ ತಿಂದದ್ದೇನೆಂದು ಹೇಳಲಾರದ ಮನುಷ್ಯ ಕಂಟ್ರೋಲ್ ಕೆ, ಡಿ ಒತ್ತಿ ಕಡತವನ್ನು ಉಳಿಸಿದರು. ಕೈ ಕಲಿತದ್ದು ಕೊನೆಗೆ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಕಣ್ಣಾರೆ ಕಂಡಾಗ ಮಾತ್ರ ನಾನು ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ನಿಂತುಕೊಳ್ಳಬೇಕಾಯಿತು.

ಅವತ್ತು ಅವರು ಬರೆದದ್ದು ಯಾರದೋ ಮಗನ ಐದನೇ ತರಗತಿಯ ಪ್ರವೇಶಕ್ಕೆ ಒಂದು ಅರ್ಜಿ. ದಿನಾಂಕ 1994ರ ಜೂನ್. ಬರೆದು ಮುಗಿಸಿ ಪ್ರಿಂಟಿನ ಆಜ್ಞೆ ಕೊಟ್ಟು ನನ್ನತ್ತ ತಿರುಗಿದರು.

“ಹೋಯ್ತಾ?”

“ಹೋಯ್ತು ಅಪ್ಪ.”

ಮನೆಯಲ್ಲಿ ಪ್ರಿಂಟರ್ ಇರಲಿಲ್ಲ. ಎಮ್ಯುಲೇಟರಿಗೆ ಒಂದು ಸಾಲಿನ ಸೂಚನೆ ಬರೆದಿಟ್ಟಿದ್ದೆ: ಪ್ರಿಂಟರಿಗೆ ಬಂದದ್ದನ್ನೆಲ್ಲ ಒಂದು ಕಡತದಲ್ಲಿ ಹಾಕಿಡು. ವರ್ಡ್‌ಸ್ಟಾರ್ ಪ್ರಿಂಟಾಯಿತು ಎಂದು ನಂಬಿತು. ಅಪ್ಪ ಪತ್ರ ಹೋಯಿತು ಎಂದು ನಂಬಿದರು. ಅವತ್ತು ಮಧ್ಯಾಹ್ನ ಅವರು ಎರಡು ಬಾರಿ ಅನ್ನ ಕೇಳಿ ಹಾಕಿಸಿಕೊಂಡರು.

*

ಸುಳ್ಳು ಹೇಳುವುದು ತಪ್ಪೇ ಎಂಬ ಪ್ರಶ್ನೆಗೆ ಜರ್ಮನಿಯ ತತ್ವಜ್ಞಾನಿ ಕಾಂಟ್ 1797ರಲ್ಲಿ ಕೊಟ್ಟ ಉತ್ತರ ಬಹಳ ಕಠಿಣವಾದದ್ದು. ಕೊಲೆಗಾರ ಬಾಗಿಲಿಗೆ ಬಂದು ನಿನ್ನ ಗೆಳೆಯ ಒಳಗಿದ್ದಾನೆಯೇ ಎಂದು ಕೇಳಿದರೂ ಸುಳ್ಳು ಹೇಳುವ ಹಕ್ಕು ನಿನಗಿಲ್ಲ ಎಂದ ಆತ. ಅದೇ ಜರ್ಮನಿಯ ಡ್ಯುಸೆಲ್‌ಡಾರ್ಫ್ ನಗರದ ಒಂದು ವೃದ್ಧಾಶ್ರಮದವರು ತಮ್ಮ ಬಾಗಿಲ ಮುಂದೆ ಒಂದು ಬಸ್ ನಿಲ್ದಾಣ ಮಾಡಿಟ್ಟರು. ಫಲಕವಿದೆ, ಬೆಂಚಿದೆ, ಬಸ್ಸು ಮಾತ್ರ ಬರುವುದಿಲ್ಲ. ಮರೆವಿನ ಕಾಯಿಲೆಯವರು ಮನೆಗೆ ಹೋಗಬೇಕು ಎಂದು ಗಾಬರಿಯಾಗಿ ಹೊರಟರೆ ದಾರಿ ತಪ್ಪುವ ಬದಲು ಅಲ್ಲಿ ಬಂದು ಕೂರುತ್ತಾರೆ. ಕೂತು ಸ್ವಲ್ಪ ಹೊತ್ತಿಗೆ ಗಾಬರಿ ಇಳಿಯುತ್ತದೆ, ಏಕೆ ಬಂದೆವು ಎನ್ನುವುದೂ ಮರೆಯುತ್ತದೆ. ಆಗ ಯಾರಾದರೂ ಬಂದು ಕಾಫಿಗೆ ಒಳಗೆ ಕರೆಯುತ್ತಾರೆ.

ಹೆಂಡತಿಯ ವಾದ ಆ ವೃದ್ಧಾಶ್ರಮದವರದ್ದೇ. “ಅವರ ಗೆಳೆಯರು ತೀರಿಹೋದರು ಅಂತ ನೀವು ಹತ್ತು ಸಲ ಹೇಳಿದರೆ ಅವರು ಹತ್ತು ಸಲವೂ ಹೊಸದಾಗಿ ಅಳಬೇಕು. ಅದು ಯಾವ ಸತ್ಯ?” ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಪೂರ್ತಿ ಇಲ್ಲ. ಮುಂಬೈಯಿಂದ ಊರಿಗೆ ಪತ್ರ ಬರೆದ ಎರಡು ತಲೆಮಾರಿನ ಜನ ಇದನ್ನೇ ಮಾಡಿದವರಲ್ಲವೇ? ಎಂಟು ಜನರ ಖೋಲಿಯಲ್ಲಿ ಸರದಿಯ ಮೇಲೆ ಮಲಗುತ್ತಿದ್ದವರು ‘ಉಭಯ ಕುಶಲೋಪರಿ’ ಎಂದು ಬರೆದರು. ಬೆಳೆ ಕೊಳೆತವರು ‘ಇಲ್ಲಿ ಎಲ್ಲ ಕ್ಷೇಮ’ ಎಂದು ಉತ್ತರಿಸಿದರು. ನಾವು ಆ ಕ್ಷೇಮಸಮಾಚಾರದ ಮಕ್ಕಳು.

ಜೊತೆಗೆ ನನ್ನ ಕಸುಬಿನದೇ ಒಂದು ಸಮರ್ಥನೆ ಸಿಕ್ಕಿತು. ಎಮ್ಯುಲೇಟರ್ ಮಾಡುತ್ತಿರುವುದೂ ಇದನ್ನೇ ತಾನೆ? ಹಳೆಯ ತಂತ್ರಾಂಶಕ್ಕೆ ಕಾಲ ಬದಲಾಗಿದೆ ಎಂದು ಹೇಳಿದರೆ ಅದು ಕುಸಿದುಬೀಳುತ್ತದೆ. ನಿನ್ನ ಕಾಲ ಇನ್ನೂ ಇದೆ ಎಂದರೆ ನೆಮ್ಮದಿಯಿಂದ ಕೆಲಸ ಮಾಡುತ್ತದೆ. ನಾನು ಅಪ್ಪನಿಗೆ ಎಮ್ಯುಲೇಟರ್ ಆಗಿದ್ದೇನೆ ಎಂದುಕೊಂಡೆ. ಹೋಲಿಕೆ ಬಹಳ ಚೆಂದವಾಗಿತ್ತು. ಎರಡು ತಿಂಗಳು ಅದರ ಮೇಲೆ ಆರಾಮಾಗಿ ಒರಗಿಕೊಂಡಿದ್ದೆ. ಪ್ರತಿ ಭಾನುವಾರ ಎರಡೋ ಮೂರೋ ಪತ್ರ. “ಹೋಯ್ತಾ?” “ಹೋಯ್ತು.” ಮೊದಲೆರಡು ವಾರ ಪಕ್ಕದಲ್ಲೇ ಕೂತಿದ್ದೆ. ಆಮೇಲೆ ಪೇಪರ್ ಓದುತ್ತ, ಮೊಬೈಲ್ ನೋಡುತ್ತ, ತಲೆ ಎತ್ತದೆಯೇ ‘ಹೋಯ್ತು’ ಎನ್ನತೊಡಗಿದೆ.

ಅಷ್ಟರಲ್ಲಿ ಲ್ಯಾಪ್‌ಟಾಪ್ ಬದಲಿಸಬೇಕಾಗಿ ಬಂದು ಅಪ್ಪನ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡುತ್ತಿದ್ದೆ. ಡಾಸ್‌ನಲ್ಲಿ ಕಡತದ ಹೆಸರಿಗೆ ಎಂಟೇ ಅಕ್ಷರ, ಬಾಲಕ್ಕೆ ಮೂರು. ಸ್ಕೂಲ್, ರೇಷನ್, ಗ್ಯಾಸ್ ಎಂಬ ಹೆಸರುಗಳ ನಡುವೆ ಒಂದು ಕಡತದ ಹೆಸರು ‘ತಂಗಿ’ ಎಂದಿತ್ತು.

ತೆರೆದೆ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ. ದಿನಾಂಕ 1994ರದ್ದಲ್ಲ, ಈ ವರ್ಷದ್ದು, ಸರಿಯಾದದ್ದು. ಎದುರಿನ ಗೋಡೆಯ ಕ್ಯಾಲೆಂಡರ್ ನೋಡಿ ಹಾಕಿರಬೇಕು. ಬರೆದದ್ದು ಊರಿನಲ್ಲಿರುವ ನನ್ನ ಅತ್ತೆಗೆ, ಅಪ್ಪನ ಒಬ್ಬಳೇ ತಂಗಿಗೆ. ಏಳು ವರ್ಷದ ಹಿಂದೆ ಮಾವ ತೀರಿಕೊಂಡಾಗ ಅಪ್ಪ ಹೋಗಿರಲಿಲ್ಲ. ಮೊಣಕಾಲು ನೋವು, ರೈಲಿನಲ್ಲಿ ಕೂರಲಾಗುವುದಿಲ್ಲ ಎಂದು ಫೋನಿನಲ್ಲಿ ಹೇಳಿಸಿದ್ದರು. ಹೇಳಿದವನು ನಾನೇ. ಪತ್ರದಲ್ಲಿ ಅಪ್ಪ ಬರೆದಿದ್ದರು: ಮೊಣಕಾಲು ಅಷ್ಟೇನೂ ನೋಯುತ್ತಿರಲಿಲ್ಲ. ತೆಂಗಿನ ತೋಟದ ಪಾಲಿನ ವಿಷಯದಲ್ಲಿ ನಿನ್ನ ಗಂಡನ ಮೇಲೆ ಸಿಟ್ಟಿತ್ತು. ಸತ್ತ ಮೇಲೂ ಬಿಡಲಿಲ್ಲ. ನಾನು ಹೇಳಿಸಿದ್ದು ಸುಳ್ಳು. ಇತ್ತೀಚೆಗೆ ಎಲ್ಲ ಮರೆತುಹೋಗುತ್ತಿದೆ; ಇದು ಮರೆಯುವ ಮೊದಲು ನಿನಗೆ ಹೇಳಬೇಕು. ಒಂದು ಸಾಲು ಉತ್ತರ ಬರೆ.

ನಾನು ಓದಿದ್ದು ಪ್ರಿಂಟಿಗೆಂದು ಹೋಗಿ ಬಿದ್ದಿದ್ದ ಕಡತ. ಏನೋ ಅನುಮಾನ ಬಂದು ವರ್ಡ್‌ಸ್ಟಾರಿನಲ್ಲಿ ಮೂಲವನ್ನೇ ತೆರೆದೆ. ವರ್ಡ್‌ಸ್ಟಾರಿನಲ್ಲಿ ಸಾಲಿನ ಮೊದಲು ಎರಡು ಚುಕ್ಕೆ ಇಟ್ಟರೆ ಆ ಸಾಲು ಪರದೆಯಲ್ಲಿ ಕಾಣುತ್ತದೆ, ಪ್ರಿಂಟ್ ಆಗುವುದಿಲ್ಲ. ಟೈಪಿಸ್ಟರು ತಮಗೆ ತಾವೇ, ಅಥವಾ ಮುಂದೆ ಆ ಕಡತ ಮುಟ್ಟುವವರಿಗೆ, ಟಿಪ್ಪಣಿ ಬಿಡುವ ರೀತಿ ಅದು. ಮೇಲ್ಗಡೆ ಎರಡು ಚುಕ್ಕೆಯಿಟ್ಟ ಒಂದು ಸಾಲಿತ್ತು: ಮಗನೇ, ಅವಳಿಗೆ ಇಂಗ್ಲಿಷ್ ಅಕ್ಷರ ಬರುವುದಿಲ್ಲ, ನೀನು ಕನ್ನಡದಲ್ಲಿ ಬರೆದು ಪೋಸ್ಟ್ ಮಾಡು.

ಕಡತ ಉಳಿಸಿದ ದಿನಾಂಕ ನೋಡಿದೆ. ಮೂರು ವಾರವಾಗಿತ್ತು. ಅವತ್ತೂ ಅವರು “ಹೋಯ್ತಾ?” ಎಂದು ಕೇಳಿರಬೇಕು. ನಾನು ತಲೆ ಎತ್ತಿರಲಿಕ್ಕಿಲ್ಲ.

*

ಡಾಸ್‌ನಲ್ಲಿ ‘ನಲ್’ ಎಂಬ ಒಂದು ಸಾಧನವಿದೆ. ಪ್ರಿಂಟರಿನ ಹಾಗೆ, ಡಿಸ್ಕಿನ ಹಾಗೆ ಅದಕ್ಕೂ ಒಂದು ಹೆಸರಿದೆ, ಆದರೆ ಹಿಂದೆ ಏನೂ ಇಲ್ಲ. ಏನು ಕಳಿಸಿದರೂ ತೆಗೆದುಕೊಳ್ಳುತ್ತದೆ, ಪ್ರತಿ ಸಲವೂ ಆಯಿತು ಎಂದು ಉತ್ತರ ಕೊಡುತ್ತದೆ, ಯಾವುದನ್ನೂ ಇಟ್ಟುಕೊಳ್ಳುವುದಿಲ್ಲ. ನಾನು ಅಪ್ಪನಿಗೆ ಎಮ್ಯುಲೇಟರ್ ಆಗಿರಲಿಲ್ಲ. ನಲ್ ಆಗಿದ್ದೆ. ನಿಜ ಹೇಳಬೇಕೆಂದರೆ ಲ್ಯಾಪ್‌ಟಾಪು ನನಗಿಂತ ಮೇಲು. ಅದು ಪತ್ರವನ್ನು ಕಡತದಲ್ಲಾದರೂ ಇಟ್ಟಿತ್ತು.

ಎಮ್ಯುಲೇಟರ್ ಸುಳ್ಳು ಹೇಳುತ್ತದೆಯೇ ಎಂದು ಮತ್ತೊಮ್ಮೆ ಯೋಚಿಸಿದೆ. ತಾನು ಯಾರು ಎಂಬ ವಿಷಯದಲ್ಲಿ ಹೌದು. ಆದರೆ ತಂತ್ರಾಂಶ ಕೇಳಿದ್ದೇನು? ಒತ್ತಿದ ಕೀಲಿ ಯಾವುದು ಹೇಳು ಎಂದಿತು, ಹೇಳಿತು. ಈ ಅಕ್ಷರ ತೋರಿಸು ಎಂದಿತು, ತೋರಿಸಿತು. ಈ ಕಡತ ಕಾಪಾಡು ಎಂದಿತು, ಕಾಪಾಡಿತು. ಹಳೆಯ ಯಂತ್ರ ಕೊಟ್ಟಿದ್ದ ಒಂದೊಂದು ಮಾತನ್ನೂ, ಆ ಯಂತ್ರ ಹೋದ ಮೇಲೆ, ಇನ್ನೊಂದು ಯಂತ್ರ ನಡೆಸಿಕೊಡುತ್ತದೆ. ಒಂದು ಯಂತ್ರ ಮಾಡುವ ಲೆಕ್ಕವನ್ನು ಇನ್ನೊಂದು ಯಂತ್ರ ಹೆಜ್ಜೆಹೆಜ್ಜೆಯಾಗಿ ಮಾಡಬಲ್ಲದು ಎಂದು ಅಲನ್ ಟ್ಯೂರಿಂಗ್ 1936ರಲ್ಲೇ ತೋರಿಸಿದ್ದ. ಹೆಜ್ಜೆಹೆಜ್ಜೆಯಾಗಿ ಎಂಬುದೇ ಮುಖ್ಯ. ನಮ್ಮ ಕಡೆ ಯಕ್ಷಗಾನದಲ್ಲಿ ಕರ್ಣನ ವೇಷ ಹಾಕಿದವನನ್ನು ಯಾರೂ ಸುಳ್ಳ ಎನ್ನುವುದಿಲ್ಲ. ಬೆಳಗಿನ ತನಕ ಅವನು ಕರ್ಣನ ಪಾಡು ಪಡಬೇಕು. ಕಿರೀಟ ಕಟ್ಟಿಕೊಂಡು ರಂಗದ ಮೂಲೆಯಲ್ಲಿ ತೂಕಡಿಸಿದರೆ ಮಾತ್ರ ಅದು ಮೋಸ. ಪುಣ್ಯಕೋಟಿಯ ಕಥೆಯನ್ನು ನಾವು ಸತ್ಯದ ಕಥೆ ಎನ್ನುತ್ತೇವೆ. ಅದರಲ್ಲಿ ಹಸು ಮಾಡಿದ್ದು ನಿಜ ನುಡಿದದ್ದಕ್ಕಿಂತ ಹೆಚ್ಚಾಗಿ ಆಡಿದ ಮಾತಿಗೆ ವಾಪಸು ನಡೆದು ಬಂದದ್ದು.

ನೀವು ಕೇಳಬಹುದು: ಆ ಒಂದು ಪತ್ರ ಇಲ್ಲದಿದ್ದರೆ? ಎಲ್ಲವೂ ಸತ್ತವರಿಗೆ, ಮುಚ್ಚಿಹೋದ ಕಚೇರಿಗಳಿಗೆ ಬರೆದದ್ದೇ ಆಗಿದ್ದರೆ ನಿಮ್ಮ ‘ಹೋಯ್ತು’ ಸರಿಯಾಗಿರುತ್ತಿತ್ತೇ? ನಾನೂ ಇದನ್ನು ಬಹಳ ಸಲ ಕೇಳಿಕೊಂಡಿದ್ದೇನೆ. ಆ ಒಂದು ಮಾತು ಅಷ್ಟು ದೊಡ್ಡ ತಪ್ಪಲ್ಲ ಎಂದೇ ಈಗಲೂ ಅನಿಸುತ್ತದೆ. ಆದರೆ ಆ ಮಾತು ನನಗೆ ಏನು ಮಾಡಿತು ಎನ್ನುವುದನ್ನು ನೋಡಬೇಕು. ಒಬ್ಬರ ಮಾತು ಎಲ್ಲಿಗೂ ಹೋಗಬೇಕಾಗಿಲ್ಲ ಎಂದು ಒಮ್ಮೆ ನಿರ್ಧರಿಸಿದ ಮೇಲೆ ಅದನ್ನು ಓದುವ ಕಾರಣವೇ ಉಳಿಯುವುದಿಲ್ಲ. ಅಪ್ಪನನ್ನು ಸಮಾಧಾನ ಮಾಡಲು ಹೇಳಿದ ಸುಳ್ಳು ಅಪ್ಪನಿಗೆ ತಟ್ಟುವ ಮೊದಲು ನನ್ನ ಕಿವಿಯನ್ನು ಮುಚ್ಚಿತು. ಡ್ಯುಸೆಲ್‌ಡಾರ್ಫಿನ ಆ ಬಸ್ ನಿಲ್ದಾಣವನ್ನು ನಾನು ಈಗ ಹಳಿಯುವುದಿಲ್ಲ. ಬಸ್ಸು ಬರದಿದ್ದರೂ ಅಲ್ಲಿಗೆ ಒಬ್ಬರು ಬಂದು ಪಕ್ಕದಲ್ಲಿ ಕೂತು ಕಾಫಿಗೆ ಕರೆಯುತ್ತಾರೆ. ನಾನು ನಿಲ್ದಾಣ ಕಟ್ಟಿ ಮನೆಗೆ ಹೋಗಿಬಿಟ್ಟಿದ್ದೆ.

ತಂತ್ರಾಂಶಕ್ಕೂ ಮನುಷ್ಯನಿಗೂ ಇರುವ ವ್ಯತ್ಯಾಸ ಇಲ್ಲೇ ಇದೆ ಎಂದು ತೋರುತ್ತದೆ. ವರ್ಡ್‌ಸ್ಟಾರ್‌ಗೆ 1988 ಎಂದರೆ ಅದು ಎಂದೆಂದೂ 1988ರಲ್ಲೇ ಇರುತ್ತದೆ. ಯಾವುದೋ ಒಂದು ಬೆಳಿಗ್ಗೆ ಎದ್ದು ಕ್ಯಾಲೆಂಡರ್ ನೋಡುವುದಿಲ್ಲ. ಅಪ್ಪ ನೋಡುತ್ತಾರೆ. ಹತ್ತು ವಾರ 1994ರಲ್ಲಿದ್ದು ಒಂದು ದಿನ, ಒಂದು ಗಂಟೆ, ಅವರು ಇವತ್ತಿಗೆ ಬರುತ್ತಾರೆ. ಆ ಗಂಟೆಯಲ್ಲಿ ಬಾಗಿಲು ತೆಗೆಯಲು ಯಾರಾದರೂ ಎಚ್ಚರವಿರಬೇಕು.

ಅವತ್ತು ರಾತ್ರಿಯೇ ಪತ್ರವನ್ನು ಕನ್ನಡದಲ್ಲಿ ಬರೆದೆ. ಎಷ್ಟೋ ವರ್ಷಗಳ ಮೇಲೆ ಪೆನ್ನು ಹಿಡಿದು ಎರಡು ಪುಟ ಕನ್ನಡ ಬರೆದದ್ದು. ಎಲ್ಲಿ ದೀರ್ಘ, ಎಲ್ಲಿ ಹ್ರಸ್ವ ಎಂಬುದು ಇಂಗ್ಲಿಷ್ ಅಕ್ಷರದಲ್ಲಿ ತಿಳಿಯುವುದಿಲ್ಲ. ಒಂದೊಂದು ಪದವನ್ನೂ ಅಪ್ಪನ ಧ್ವನಿಯಲ್ಲಿ ಹೇಳಿಕೊಂಡು ಗೊತ್ತುಮಾಡಿಕೊಳ್ಳಬೇಕಾಯಿತು. ಬೆಳಿಗ್ಗೆ ಕೆಳಗೆ ಸಹಿ ಮಾಡಿಸಿದೆ. ಯಾವುದಕ್ಕೆ ಎಂದು ಕೇಳದೆ ಸಹಿ ಮಾಡಿದರು. ಒಂಬತ್ತು ದಿನದ ಮೇಲೆ ಅತ್ತೆಯ ಫೋನು ಬಂತು. ಮೊದಲು ಏನೂ ಮಾತಾಡಲಿಲ್ಲ. ಆಮೇಲೆ, “ಮೊಣಕಾಲಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು. ಆದ್ರೂ ಅವನ ಬಾಯಲ್ಲಿ ಬರಬೇಕಿತ್ತು” ಎಂದರು. ಸ್ವಲ್ಪ ತಡೆದು, “ಮುಟ್ಟಿತು ಅಂತ ಹೇಳು ಅವನಿಗೆ.”

ಹೇಳಿದೆ. ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದರು. “ಯಾವ ಪತ್ರ?” ಎಂದರು.

ಮೂರು ವಾರದ ಬೆಲೆ ಅದು ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಮರುದಿನವೇ ಕಳಿಸಿದ್ದರೆ ಅವರಿಗೆ ನೆನಪಿರುತ್ತಿತ್ತೋ ಇಲ್ಲವೋ ಹೇಳಲಾರೆ. ಹೇಳಲಾಗದಂತೆ ಮಾಡಿದವನು ನಾನು.

ಈಗ ಮನೆಗೆ ಒಂದು ಸಣ್ಣ ಪ್ರಿಂಟರ್ ಬಂದಿದೆ. ಎಮ್ಯುಲೇಟರಿನ ಸೂಚನೆಯಲ್ಲಿ ಒಂದೆರಡು ಸಾಲು ಬದಲಿಸಿದೆ; ಅಪ್ಪ ಆಜ್ಞೆ ಕೊಟ್ಟರೆ ನಿಜವಾದ ಕಾಗದ ಹೊರಬರುತ್ತದೆ. “ಹೋಯ್ತಾ?” ಎಂದು ಕೇಳಿದರೆ ಕಾಗದವನ್ನು ಅವರ ಕೈಗೆ ಕೊಟ್ಟು, “ಇನ್ನೂ ಇಲ್ಲೇ ಇದೆ ಅಪ್ಪ, ಒಮ್ಮೆ ಓದೋಣ” ಎನ್ನುತ್ತೇನೆ. ಗಟ್ಟಿಯಾಗಿ ಓದುತ್ತೇನೆ. ಐದನೇ ತರಗತಿಗೆ ಪ್ರವೇಶ ಬೇಕಾದ ಆ ಹುಡುಗನ ಅಪ್ಪ ಯಾರು ಎಂದು ಕೇಳುತ್ತೇನೆ. ಕೆಲವು ಸಲ ಒಂದು ಇಡೀ ಕಥೆ ಬರುತ್ತದೆ, ಕೆಲವು ಸಲ ಸಿಟ್ಟು: “ಓದೋದು ಆಮೇಲೆ, ಮೊದಲು ಕಳಿಸು!” ಹೆಂಡತಿ ದೂರದಿಂದ ನನ್ನತ್ತ ನೋಡುತ್ತಾಳೆ. ಇದು ‘ಹೋಯ್ತು’ ಎನ್ನುವಷ್ಟು ಸುಲಭವಲ್ಲ, ಭಾನುವಾರದ ಅರ್ಧ ದಿನ ಇದಕ್ಕೇ ಬೇಕು. ಯಾರಾದರೂ ತೀರಿಹೋದದ್ದನ್ನು ಅವರೇ ನೇರವಾಗಿ ಕೇಳಿದರೆ ಹೇಳುತ್ತೇನೆ, ಕೇಳದಿದ್ದರೆ ಹೇಳುವುದಿಲ್ಲ. ಕಾಂಟ್ ಇದನ್ನು ಒಪ್ಪುತ್ತಿದ್ದನೋ ಇಲ್ಲವೋ, ನನಗೆ ಸದ್ಯಕ್ಕೆ ಇಷ್ಟೇ ಸಾಧ್ಯವಾಗಿದೆ.

ಹೋದ ಭಾನುವಾರ ಅಪ್ಪ ಬರೆದದ್ದು ಒಂದೇ ಸಾಲು, ಯಾರಿಗೆ ಎಂದೂ ಇರಲಿಲ್ಲ. ಊರಿನ ಬಾವಿಯಲ್ಲಿ ನೀರೆಷ್ಟಿದೆ ಎಂದು ಕೇಳಿದ್ದರು. ಅತ್ತೆಗೆ ಫೋನ್ ಮಾಡಿ ಕೇಳಿದೆ. ಈ ಸಲ ಮಳೆ ಚೆನ್ನಾಗಿದೆ, ಐದು ಮೆಟ್ಟಿಲು ಮುಳುಗಿವೆ ಎಂದರು. ಬಂದು ಅಪ್ಪನಿಗೆ ಹೇಳಿದೆ.